ಪ್ರತಿಕ್ರಿಯೆ: ಮನೆ ಮಾತು ಮನೆಯಲ್ಲೇ ಇರಬೇಕಾದರೆ

ಬಾಗಲಕೋಟೆ ಮನೆಯಲ್ಲಿ ಅಲೆಕ್ಸಾ ತೆಗೆದು ಏನು ಇಡೋದು, ಮಾತು ಹೊರಗೆ ಹೋಗಬಾರದು, ಅವ್ವನ ಕನ್ನಡವೂ ಅದಕ್ಕೆ ತಿಳಿಯಬೇಕು ಅಂತ ಕೇಳಿದ್ದೀರಿ ಅಲ್ವಾ? ಹೋಂ ಅಸಿಸ್ಟೆಂಟ್ ಹಾಕಿಕೊಳ್ಳಿ ರೀ, ಮನೆಯ ಲೈಟು-ಫ್ಯಾನುಗಳನ್ನು ಮನೆಯಲ್ಲೇ ಇರೋ ಕಂಪ್ಯೂಟರ್‌ನಿಂದ ನಡೆಸೋ ಸಾಫ್ಟ್‌ವೇರ್ ಅದು. ಅಲೆಕ್ಸಾ ಥರದ್ದೇ ಮೈಕ್ರಾಫ್ಟ್ ಹಾಕಿ ಅಂತ ಇನ್ನೂ ಕೆಲವರು ಹೇಳುತ್ತಾರೆ, ಆ ಕಂಪನಿ 2023ರಲ್ಲೇ ಕೈಚೆಲ್ಲಿತು.

ಇದರಲ್ಲಿ ಮಾತನ್ನು ಅಕ್ಷರಕ್ಕೆ ಇಳಿಸೋಕೆ ವಿಸ್ಪರ್ ಅನ್ನೋ ಸಾಫ್ಟ್‌ವೇರ್ ಬಳಸಬಹುದು. ಕನ್ನಡ ಬರುತ್ತೆ, ಆದರೆ ಇಂಗ್ಲಿಷ್‌ನಷ್ಟು ಚೆನ್ನಾಗಿ ಅಲ್ಲ, ಅದರಲ್ಲೂ ಅದರ ಸಣ್ಣ ಆವೃತ್ತಿ (ಮಾಡೆಲ್) ಹಾಕಿದರೆ ನಮ್ಮ ಕಡೆ ಮಾತನ್ನು ಏನೇನೋ ಬರೆದುಬಿಡುತ್ತೆ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಒಂದು ಮಾತಿಗೆ ಸುಮಾರು 8 ಸೆಕೆಂಡ್ ಬೇಕು, ಅಷ್ಟರಲ್ಲಿ ಅವ್ವನೇ ಎದ್ದು ಸ್ವಿಚ್ ಒತ್ತಿರುತ್ತಾರೆ! ಇಂಟೆಲ್‌ನ ಸಣ್ಣ ಪಿಸಿ ಸಿಕ್ಕರೆ ಅದೇ ಒಳ್ಳೇದು.

‘ಪಡಸಾಲೆ ಲೈಟ್ ಹಚ್ಚು’ ಅಂತ ವಾಕ್ಯವನ್ನು ನೀವೇ ಆಟೊಮೇಷನ್‌ನಲ್ಲಿ, ಅಂದ್ರೆ ‘ಈ ಮಾತು ಕೇಳಿದರೆ ಈ ಕೆಲಸ ಮಾಡು’ ಅನ್ನೋ ನಿಯಮದಲ್ಲಿ, ಬರೆದಿಡಬಹುದು. ನನ್ನ ಸಲಹೆ ಏನಂದ್ರೆ, ಅವ್ವನಿಂದ ಹತ್ತು ಸಲ ಹೇಳಿಸಿ, ವಿಸ್ಪರ್ ತಪ್ಪಾಗಿ ಬರೆದದ್ದನ್ನೂ ಅದೇ ಆಟೊಮೇಷನ್‌ಗೆ ಸೇರಿಸಿಬಿಡಿ. ಸ್ವಲ್ಪ ತಮಾಷೆ ಅನಿಸುತ್ತೆ, ಆದರೆ ಕೆಲಸ ಆಗುತ್ತೆ.

ಮೈಕ್‌ಗೆ 2024ರ ಡಿಸೆಂಬರ್‌ನಲ್ಲಿ ಬಂದ, ಹೋಂ ಅಸಿಸ್ಟೆಂಟ್‌ನವರದ್ದೇ ವಾಯ್ಸ್ ಪ್ರಿವ್ಯೂ ಎಡಿಷನ್ ಅನ್ನೋ ಸಾಧನ ಇದೆ, ಮೈಕ್ ಬಂದ್ ಮಾಡೋ ಸ್ವಿಚ್ ಅದರ ಮೇಲೇ ಇದೆ. ಸೆಟಪ್‌ನಲ್ಲಿ ಕ್ಲೌಡ್ (ಹೊರಗಿನ ಸರ್ವರ್) ಬೇಡ, ಲೋಕಲ್ (ಮನೆಯಲ್ಲೇ) ಆರಿಸಿ, ಇಲ್ಲಾಂದ್ರೆ ಮಾತು ಮತ್ತೆ ಹೊರಗೇ ಹೋಗುತ್ತೆ. ಕರೆಯೋಕೆ ‘ಓಕೆ ನಾಬು’ ಅನ್ನಬೇಕು, ಅವ್ವನಿಗೆ ಎರಡು ದಿನ ನಗು ತಡೆಯೋದಿಲ್ಲ.