ಯಾವ ಮೇಳಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು. ಅಜ್ಜಿಯಿಂದ ಕಲಿತ ಹಸೆ ಚಿತ್ತಾರ ಬರೆಯುತ್ತೇನೆ. ಮೊದಲು ಮದುವೆ ಮನೆಯ ಗೋಡೆಗೆ ಮಾತ್ರ ಬರೆಯುತ್ತಿದ್ದೆ. ಈಗ ಬಟ್ಟೆ, ಕಾಗದ, ಮರದ ಹಲಗೆ, ಬುಟ್ಟಿಗಳ ಮೇಲೂ ಬರೆಯುತ್ತೇನೆ. ಹೋದ ವರ್ಷ ನಾಲ್ಕು ಮೇಳದಲ್ಲಿ ಸ್ಟಾಲ್ ಹಾಕಿದೆ. ಜನ ಬಂದರು, ಫೋಟೊ ತೆಗೆದರು, ತುಂಬಾ ಚೆನ್ನಾಗಿದೆ ಅಂದರು. ಮನೆಗೆ ಬಂದು ಲೆಕ್ಕ ಹಾಕಿದರೆ ಕೈಯಿಂದಲೇ ದುಡ್ಡು ಹೋಗಿತ್ತು. ಈ ವರ್ಷ ಎರಡಕ್ಕೆ ಹೋಗುವಷ್ಟು ಶಕ್ತಿ ಇದೆ. ವಾಟ್ಸ್ಆ್ಯಪ್‌ನಲ್ಲಿ ವಾರಕ್ಕೊಂದು ಮೇಳದ ಕರೆ ಬರುತ್ತದೆ. ಹೇಗೆ ಆರಿಸಲಿ?

ಉತ್ತರ: ಮೊದಲಿಗೆ, ನಿಮ್ಮ ಚಿತ್ತಾರದ ಮೇಲೆ ಅನುಮಾನ ಪಡಬೇಡಿ. ಫೋಟೊ ತೆಗೆದು ಹೋದವರ ಮೇಲೆ ಬೇಸರವೂ ಬೇಡ. ಅವರು ಆ ದಿನ ಚಿತ್ರ ಕೊಳ್ಳಬೇಕು ಅಂತ ಮನೆಯಿಂದ ಹೊರಟವರಲ್ಲ, ಅಷ್ಟೇ. ನಾನು ಹದಿನೇಳು ವರ್ಷದಿಂದ ಲಿನೊ ಅಚ್ಚಿನ (ಲಿನೋಲಿಯಂ ಹಾಳೆ ಕೆತ್ತಿ ಒತ್ತುವ) ಚಿತ್ರಗಳನ್ನು ಮೇಳಗಳಲ್ಲಿ ಮಾರುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಕೆಲಸಕ್ಕೆ ಬಂದಿರುವುದು ಒಂದೇ ಪ್ರಶ್ನೆ: ಇಲ್ಲಿಗೆ ಬರುವ ಗಿರಾಕಿ ಮನೆಯಿಂದ ಹೊರಡುವಾಗ ಏನು ತರೋಣ ಅಂತ ಹೊರಟಿರುತ್ತಾರೆ?

ಆಯೋಜಕರು ಯಾವಾಗಲೂ ಜನಸಂಖ್ಯೆ ಹೇಳುತ್ತಾರೆ. ಇಷ್ಟು ಸಾವಿರ ಜನ ಬಂದರು, ಕಾಲಿಡಲು ಜಾಗ ಇರಲಿಲ್ಲ ಅಂತ. ಜನ ಮರುಳೋ ಜಾತ್ರೆ ಮರುಳೋ ಅನ್ನುವ ಹಾಗೆ ನಾವೂ ಆ ಸಂಖ್ಯೆ ನೋಡಿ ಹಣ ಕಟ್ಟಿಬಿಡುತ್ತೇವೆ. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಬರುವ ಜನಕ್ಕೆ ಲೆಕ್ಕವಿದೆಯೇ? ಆದರೆ ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರ ಅಲ್ಲಿ ಆಟ ಆಡಿಸುತ್ತದೆ, ಹಪ್ಪಳ, ಮೆಣಸಿನಕಾಯಿ ಬಜ್ಜಿ ತಿನ್ನುತ್ತದೆ, ಹೆಚ್ಚೆಂದರೆ ಒಂದು ಬ್ಯಾಗು, ಒಂದು ಆಟಿಕೆ ಕೊಳ್ಳುತ್ತದೆ. ಜೊತೆಗೆ ಅದು ತಿಂಗಳುಗಟ್ಟಲೆ ನಡೆಯುವಂಥದ್ದು. ಒಬ್ಬಂಟಿ ಕಲಾವಿದೆ ಅಷ್ಟು ದಿನ ಕೂತರೆ ಬರೆಯುವುದು ಯಾವಾಗ? ಕರ್ನಾಟಕ ಕರಕುಶಲ ಪರಿಷತ್ತಿನವರು ಬೆಂಗಳೂರಿನಲ್ಲಿ ನಡೆಸುವ ವಸ್ತ್ರಾಭರಣ ಬಹಳ ಒಳ್ಳೆಯ ಮೇಳ, ಬರುವವರು ಖರ್ಚು ಮಾಡಲು ತಯಾರಾಗಿಯೇ ಬರುತ್ತಾರೆ. ಆದರೆ ಹೊರಟಿದ್ದು ಸೀರೆಗೆ, ಒಡವೆಗೆ. ನಿಮ್ಮ ಹಲಗೆ ನೋಡಿ ನಿಂತರೂ ಅವರ ಮನಸ್ಸು ಪಕ್ಕದ ಇಳಕಲ್ ಸೀರೆಯ ಮೇಲಿರುತ್ತದೆ.

ನನಗೂ ಇದು ತಡವಾಗಿಯೇ ತಿಳಿದಿದ್ದು. ಒಮ್ಮೆ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಆವರಣದಲ್ಲಿ ಮೇಳ ಅಂದರು. ಒಳ್ಳೆಯ ಸಂಬಳದ ಜನ, ಸಾವಿರಾರು ಮಂದಿ, ಇನ್ನೇನು ಬೇಕು ಅಂದುಕೊಂಡು ಎರಡು ಪೆಟ್ಟಿಗೆ ತುಂಬಿಸಿಕೊಂಡು ಹೋದೆ. ಜನ ಬಂದಿದ್ದು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ, ಊಟದ ಹೊತ್ತಿನಲ್ಲಿ ಮಾತ್ರ. ಕೈಯಲ್ಲಿ ತಟ್ಟೆ, ಕೊರಳಲ್ಲಿ ಕಂಪನಿಯ ಕಾರ್ಡು, ತಲೆಯಲ್ಲಿ ಎರಡು ಗಂಟೆಯ ಮೀಟಿಂಗು. ಫ್ರೇಮ್ ಹಾಕಿದ ಚಿತ್ರ ತೆಗೆದುಕೊಂಡು ಅವರು ಸಂಜೆವರೆಗೆ ಎಲ್ಲಿ ಇಡಬೇಕು? ಅದು ತಿಂಗಳ ಕೊನೆಯ ವಾರ ಬೇರೆ. ಪಕ್ಕದಲ್ಲಿ ಕಿವಿಯೋಲೆ ಮಾರುತ್ತಿದ್ದವರಿಗೆ ಚೆನ್ನಾಗಿ ವ್ಯಾಪಾರ ಆಯಿತು. ನನಗೆ ಬೋಣಿ ಆಗಿದ್ದೇ ಎರಡನೇ ದಿನ.

ಇನ್ನು ಲೆಕ್ಕ. ಇದನ್ನು ಹಣ ಕಟ್ಟುವ ಮೊದಲೇ ಮಾಡಬೇಕು, ಮನೆಗೆ ಬಂದ ಮೇಲಲ್ಲ. ಬೆಂಗಳೂರಿನ ಮೂರು ದಿನದ ಖಾಸಗಿ ಮೇಳ ಅಂತ ಇಟ್ಟುಕೊಳ್ಳಿ. ಸ್ಟಾಲ್ ಬಾಡಿಗೆ 12,000. ರೈಲು, ಆಟೊ, ಸಾಮಾನು ಸಾಗಾಟ 4,000. ಮೂರು ರಾತ್ರಿ ರೂಮು 4,500. ಊಟ ತಿಂಡಿ 1,500. ಇದಕ್ಕೆ ನಿಮ್ಮ ಕೂಲಿ ಸೇರಿಸಿ. ಬಹಳ ಹೆಂಗಸರು ಇದನ್ನು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಮೇಳದ ಮೂರು ದಿನ, ಹೋಗಿ ಬರುವ ಎರಡು ದಿನ, ದಿನಕ್ಕೆ 600 ಹಿಡಿದರೂ 3,000 ಆಯಿತು. ಒಟ್ಟು 25,000. ಈಗ ನಿಮ್ಮ ಒಂದು ಸಣ್ಣ ಚಿತ್ರದಲ್ಲಿ ಅಸಲು ಕಳೆದು 300 ರೂಪಾಯಿ ಉಳಿಯುತ್ತದೆ ಅಂದರೆ, ಬರೀ ಖರ್ಚು ಹುಟ್ಟಲು 84 ಚಿತ್ರ ಮಾರಬೇಕು. ಮೂರು ದಿನಕ್ಕೆ ಮೂವತ್ತು ಗಂಟೆ, ಗಂಟೆಗೆ ಹೆಚ್ಚುಕಮ್ಮಿ ಮೂರು. ಅಷ್ಟು ಮಾಲು ನಿಮ್ಮ ಹತ್ತಿರ ಇದೆಯಾ? ಅದೇ 3,000 ಉಳಿಯುವ ದೊಡ್ಡ ಹಲಗೆಯಾದರೆ ಒಂಬತ್ತು ಸಾಕು. ಹಾಗಾಗಿ ನಿಮಗೆ ಬೇಕಾಗಿರುವುದು ಒಂಬತ್ತು ಸರಿಯಾದ ಗಿರಾಕಿ ಸಿಗುವ ಜಾಗ. ಅವರ ಸುತ್ತ ಹತ್ತು ಸಾವಿರ ಜನ ಇದ್ದರೆಷ್ಟು, ಬಿಟ್ಟರೆಷ್ಟು?

ಇಲ್ಲಿ ನಿಮ್ಮ ಕಲೆಯ ಬಗ್ಗೆಯೇ ಒಂದು ವಿಷಯ ಹೇಳಬೇಕು. ಹಸೆ ಚಿತ್ತಾರ ಹುಟ್ಟಿದ್ದೇ ಗೋಡೆಗೆ. ದೀವರ ಸಮುದಾಯದ ಮನೆಯಲ್ಲಿ ಮದುಮಕ್ಕಳು ಕೂರುವ ಹಸೆ ಗೋಡೆ, ಕೆಮ್ಮಣ್ಣು ಬಳಿದ ಹಿನ್ನೆಲೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಪೇಟೆಯಲ್ಲಿ ಹೊಸ ಮನೆ ಕಟ್ಟಿಸುವವರು, ಹೋಂಸ್ಟೇ ಮಾಡುವವರು ಇಂಥ ಗೋಡೆಯನ್ನೇ ಹುಡುಕುತ್ತಿರುತ್ತಾರೆ. ಒಂದು ಗೋಡೆಯ ಕೆಲಸ ಸಿಕ್ಕಿದರೆ ಒಂದು ಮೇಳದ ಖರ್ಚು ಪೂರ್ತಿ ಬಂದುಬಿಡಬಹುದು. ಆದ್ದರಿಂದ ಮೇಳದ ಫಲವನ್ನು ಆ ಮೂರು ದಿನದ ಗಲ್ಲಾಪೆಟ್ಟಿಗೆಯಿಂದ ಮಾತ್ರ ಅಳೆಯಬೇಡಿ, ಮುಂದಿನ ಮೂರು ತಿಂಗಳ ಫೋನ್ ಕರೆಗಳನ್ನೂ ಸೇರಿಸಿ. ಒಂದು ನೋಟ್‌ಬುಕ್ ಇಡಿ. ನಿಂತು ಮಾತಾಡಿದವರ ಹೆಸರು, ನಂಬರು, ಏನು ಕೇಳಿದರು, ಯಾವ ಮೇಳ, ಎಲ್ಲಾ ಬರೆದುಕೊಳ್ಳಿ. ಹದಿನೈದು ದಿನ ಬಿಟ್ಟು ನೀವೇ ಫೋನ್ ಮಾಡಿ, ಸಂಕೋಚ ಬೇಡ. ಗೋಡೆಗೆ ಬರೆಯುತ್ತೇನೆ ಅನ್ನುವ ಒಂದು ಬೋರ್ಡು, ಜೊತೆಗೆ ಬರೆದ ಗೋಡೆಯ ದೊಡ್ಡ ಫೋಟೊ ಸ್ಟಾಲಿನಲ್ಲಿ ಎದ್ದು ಕಾಣಬೇಕು. ಎದುರಿಗೆ 100 ರೂಪಾಯಿಯ ಬುಕ್‌ಮಾರ್ಕ್‌ಗಳನ್ನೇ ಹರಡಿದರೆ ಜನ ನಿಮ್ಮನ್ನು ಬುಕ್‌ಮಾರ್ಕ್ ಮಾರುವವರು ಅಂದುಕೊಂಡು ಮುಂದೆ ಹೋಗುತ್ತಾರೆ.

ಹಾಗಾದರೆ ನಿಮ್ಮ ಎರಡರಲ್ಲಿ ಒಂದು ಬೆಂಗಳೂರಿನ ಚಿತ್ರಸಂತೆ ಆಗಲಿ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರದ ಆಸುಪಾಸು. 2025ರ ಜನವರಿ 5ಕ್ಕೆ 22ನೇ ವರ್ಷದ್ದು ನಡೆಯಿತು. ದೇಶದ ಬೇರೆ ಬೇರೆ ಕಡೆಯಿಂದ ಸುಮಾರು 1,500 ಕಲಾವಿದರು ಬರುತ್ತಾರೆ. ಅಷ್ಟು ಪೈಪೋಟಿಯಲ್ಲಿ ನನ್ನನ್ನು ಯಾರು ನೋಡುತ್ತಾರೆ ಅಂತ ಹೆದರಬೇಡಿ. ಆ ರಸ್ತೆಗೆ ಬರುವವರು ಚಿತ್ರ ನೋಡಲೆಂದೇ ಬರುವವರು, ಮನೆಗೊಂದು ಕಲಾಕೃತಿ ಅನ್ನುವುದೇ ಅದರ ಘೋಷಣೆ. ನೂರು ರೂಪಾಯಿಯಿಂದ ಲಕ್ಷದವರೆಗಿನ ಚಿತ್ರ ಒಂದೇ ಬೀದಿಯಲ್ಲಿ ಸಿಗುತ್ತದೆ, ಹಾಗಾಗಿ ನಿಮ್ಮ ಬೆಲೆ ಅಲ್ಲಿ ಯಾರಿಗೂ ಜಾಸ್ತಿ ಅನ್ನಿಸುವುದಿಲ್ಲ. ಒಂದೇ ದಿನ ಆದ್ದರಿಂದ ರೂಮಿನ ಖರ್ಚು ಕಡಿಮೆ. ಸಾಗರ ಜಂಬಗಾರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ನಾನಾದರೆ ಒಂದು ದಿನ ಮುಂಚೆ ಹೋಗುತ್ತೇನೆ, ರೈಲು ತಡವಾದರೆ ವರ್ಷದ ಅವಕಾಶವೇ ಹೋಯಿತಲ್ಲ. ಅರ್ಜಿಯನ್ನು ಕೆಲವು ತಿಂಗಳ ಮೊದಲೇ ಕರೆಯುತ್ತಾರೆ, ಕೆಲಸದ ಒಳ್ಳೆಯ ಫೋಟೊ ತಯಾರಿರಲಿ. ರಸ್ತೆಯಲ್ಲಿ ಬಿಸಿಲು ಬೀಳುತ್ತದೆ. ಕೊಡೆ, ಮಡಚುವ ಸ್ಟಾಂಡು, ಹಗ್ಗ, ಕ್ಲಿಪ್ಪು ತೆಗೆದುಕೊಂಡು ಹೋಗಿ. ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೈಕೊಟ್ಟು ಯುಪಿಐ ನಿಂತುಬಿಡಬಹುದು, ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ.

ಎರಡನೆಯದಕ್ಕೆ ಸರ್ಕಾರದ ಕಡೆ ನೋಡಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಗುರುತಿನ ಚೀಟಿ ನಿಮ್ಮ ಹತ್ತಿರ ಇಲ್ಲದಿದ್ದರೆ ಈ ತಿಂಗಳೇ ಅರ್ಜಿ ಹಾಕಿ. ಅದಿದ್ದರೆ ಗಾಂಧಿ ಶಿಲ್ಪ ಬಜಾರ್‌ನಂಥ ಮೇಳಗಳಿಗೆ ದಾರಿ ತೆರೆಯುತ್ತದೆ. ಸಂಜೀವಿನಿ ಸಂಘದ ಸದಸ್ಯೆಯಾಗಿದ್ದರೆ ಸ್ವಸಹಾಯ ಸಂಘಗಳಿಗಾಗಿ ನಡೆಯುವ ಸರಸ್ ಮೇಳದ ಬಗ್ಗೆ ಒಕ್ಕೂಟದಲ್ಲಿ ಕೇಳಿ. ಅದಕ್ಕಿಂತ ನಿಮಗೆ ಚೆನ್ನಾಗಿ ಹೊಂದುವುದು, ನನ್ನ ಪ್ರಕಾರ, ಬೆಂಗಳೂರಿನ ಎ ಹಂಡ್ರೆಡ್ ಹ್ಯಾಂಡ್ಸ್ ಸಂಸ್ಥೆಯವರು ವರ್ಷಕ್ಕೊಮ್ಮೆ ನಡೆಸುವ ಕೈಕಸುಬಿನ ಮೇಳ. ಮಾಡಿದವರೇ ಕೂತು ಮಾರುವುದು ಅಲ್ಲಿಯ ವಿಶೇಷ, ಬರುವವರಿಗೂ ಕೈಕೆಲಸದ ಬೆಲೆ ಗೊತ್ತಿರುತ್ತದೆ. ಸರ್ಕಾರಿ ಮೇಳಕ್ಕೂ ಇದಕ್ಕೂ ಪ್ರಯತ್ನಿಸಿ, ಸಿಕ್ಕಿದ್ದಕ್ಕೆ ಹೋಗಿ. ದಿಲ್ಲಿಯ ಕರಕುಶಲ ಬಜಾರು ದಿಲ್ಲಿ ಹಾಟ್, ಅದರ ಹತ್ತಿರವೇ ಹರಿಯಾಣದಲ್ಲಿ ನಡೆಯುವ ಫೆಬ್ರುವರಿಯ ಸೂರಜ್‌ಕುಂಡ್ ಮೇಳ ದೊಡ್ಡ ಹೆಸರುಗಳೇ. ಆದರೆ ಎರಡಕ್ಕೂ ಹದಿನೈದು ದಿನ ಕೂರುವಷ್ಟು ಮಾಲು ಬೇಕು, ಜೊತೆಗೆ ಇನ್ನೊಬ್ಬರು ಬೇಕು. ಈ ವರ್ಷ ಬೇಡ.

ಉಳಿದ ಕರೆಗಳಿಗೆಲ್ಲ ಒಂದು ಕೆಲಸ ಮಾಡಿ. ಹೋದ ಸಲ ಅಲ್ಲಿ ಸ್ಟಾಲ್ ಹಾಕಿದ್ದ ಮೂವರ ನಂಬರು ಹುಡುಕಿ, ಅದರಲ್ಲಿ ಒಬ್ಬರಾದರೂ ಚಿತ್ರ ಮಾರುವವರಾಗಿರಲಿ. ವ್ಯಾಪಾರ ಹೇಗಿತ್ತು ಅಂತ ಕೇಳಿದರೆ ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. ಖರ್ಚು ಕಳೆದು ಉಳಿಯಿತಾ, ಮತ್ತೆ ಹೋಗುತ್ತೀರಾ ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ. ಯಂತ್ರದಲ್ಲಿ ಅಚ್ಚು ಹಾಕಿದ ವಾರ್ಲಿ, ಮಧುಬನಿ ಚಿತ್ರಗಳನ್ನು ಕೈಕೆಲಸ ಅಂತ ಮಾರಲು ಬಿಡುವ ಮೇಳಕ್ಕೆ ಎಷ್ಟೇ ಕಡಿಮೆ ಬಾಡಿಗೆ ಇದ್ದರೂ ಹೋಗಬೇಡಿ. 200 ರೂಪಾಯಿಯ ಅಚ್ಚಿನ ಪಕ್ಕ ನಿಮ್ಮ ಎರಡು ದಿನದ ಕೆಲಸ ಇಟ್ಟರೆ, ದಿನವಿಡೀ ಬೆಲೆಗೆ ಸಮಜಾಯಿಷಿ ಕೊಡುವುದರಲ್ಲೇ ಗಂಟಲು ಒಣಗುತ್ತದೆ. ನನಗೆ ಇದು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮತ್ತೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಮೇಳವನ್ನೂ ಒಪ್ಪಿಕೊಳ್ಳಬೇಡಿ, ಅದು ಕೂತು ಬರೆಯುವ ಕಾಲ. ಆದರೆ ಬರೆದದ್ದನ್ನು ಮಲೆನಾಡಿನ ತೇವದಿಂದ ಕಾಪಾಡಿ. ಅಕ್ಕಿಯ ಬಣ್ಣಕ್ಕೆ ಬೂಷ್ಟು, ಹುಳು ಎರಡೂ ಬೇಗ ಹಿಡಿಯುತ್ತವೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಟೆರಾಕೋಟಾ ಆಭರಣ ಮಾಡುತ್ತೇನೆ. ಪುಣೆಯ ಮೇಳವೊಂದಕ್ಕೆ ಖಾಸಗಿ ಆಯೋಜಕರು ಪೂರ್ತಿ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ? ಬೇರೆ ರಾಜ್ಯದಲ್ಲಿ ಮಾರಲು ಜಿಎಸ್‌ಟಿ ನಂಬರು ಬೇಕೇ ಬೇಕು ಅನ್ನುತ್ತಾರೆ, ನಿಜವಾ?

ಉತ್ತರ: ಮುಂಗಡ ಕೇಳುವುದು ತಪ್ಪಲ್ಲ. ಬಾಯಿಮಾತಿನಲ್ಲಿ ಕೊಡುವುದು ತಪ್ಪು. ಸ್ಟಾಲಿನ ನಂಬರು, ಅಳತೆ, ಮೇಜು, ಕರೆಂಟು, ರಾತ್ರಿ ಕಾವಲು, ಮೇಳ ರದ್ದಾದರೆ ಹಣ ಯಾವಾಗ ವಾಪಸ್ಸು, ಇಷ್ಟನ್ನು ಬರಹದಲ್ಲಿ ತರಿಸಿಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಾದರೂ ಸರಿ. ನನಗೊಮ್ಮೆ ಬಾಗಿಲ ಹತ್ತಿರದ ಮೂಲೆ ಅಂತ ಹೇಳಿ, ಹೋದ ಮೇಲೆ ಜನರೇಟರ್ ಹಿಂದೆ ಜಾಗ ಕೊಟ್ಟರು. ಕೇಳಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮೂರು ದಿನ ಹೊಗೆ ಕುಡಿದು, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬಂದೆ.

ಜಿಎಸ್‌ಟಿ ವಿಷಯದಲ್ಲಿ ನಿಮಗೆ ಹೇಳಿದವರದ್ದು ಅರ್ಧ ಸತ್ಯ. ಸಾಮಾನ್ಯವಾಗಿ ಬೇರೆ ರಾಜ್ಯಕ್ಕೆ ಹೋಗಿ ಸರಕು ಮಾರುವವರಿಗೆ ನೋಂದಣಿ ಬೇಕು. ಆದರೆ ಕೈಕಸುಬಿನ ವಸ್ತುಗಳಿಗೆ ವಿನಾಯಿತಿ ಇದೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಇಲ್ಲದೆ ಮಾರಬಹುದು. ಪ್ಯಾನ್ ಕಾರ್ಡ್ ಬೇಕು, ಸಾಮಾನು ಸಾಗಿಸಲು ಇ-ವೇ ಬಿಲ್ (ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಮಾಡಿಸಬೇಕು. ವಿನಾಯಿತಿ ಇರುವ ವಸ್ತುಗಳದ್ದೇ ಒಂದು ಪಟ್ಟಿ ಇದೆ. ನಿಮ್ಮ ಆಭರಣ ಅದರಲ್ಲಿ ಯಾವ ಹೆಸರಿನಲ್ಲಿ ಬರುತ್ತದೆ ಅಂತ ಹುಬ್ಬಳ್ಳಿಯಲ್ಲೇ ಒಬ್ಬ ತೆರಿಗೆ ಸಲಹೆಗಾರರಿಗೆ ತೋರಿಸಿ ಬರೆಸಿಕೊಳ್ಳಿ, ಆ ಕಾಗದದ ಒಂದು ಪ್ರತಿ ಸ್ಟಾಲಿನಲ್ಲಿ ಇಟ್ಟುಕೊಳ್ಳಿ. ಆಯೋಜಕರು ಅದನ್ನು ನೋಡಿದ ಮೇಲೂ ನಂಬರು ಬೇಕೇ ಬೇಕು ಅಂದರೆ ಮುಂಗಡ ಕೊಡಬೇಡಿ, ಬೇರೆ ಮೇಳ ನೋಡಿ.