ಅಂಡಾಶಯ ತೆಗೆದ ಮೇಲೆ ಹೊಟ್ಟೆ ಬರುವುದು ಹಾರ್ಮೋನಿನಿಂದಲೋ, ಊಟದಿಂದಲೋ?

43ನೇ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರು, ಊಟ ಮೊದಲಿನಷ್ಟೇ, ಆದರೂ ಹೊಟ್ಟೆಯ ಸುತ್ತ ಬೊಜ್ಜು ಬರುತ್ತಿದೆ, ಸಂಜೆಯಾದರೆ ಹಸಿವು ತಡೆಯಲಾಗುವುದಿಲ್ಲ, ಮನೆಯವರು ನಾಲಿಗೆ ಚಪಲ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಡಯಟಿಷಿಯನ್. ಅಕ್ಕ, ಇದು ಚಪಲ ಅಲ್ಲ. ಮನೆಯವರಿಗೂ ಇದನ್ನು ಓದಿ ಹೇಳಿ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಬರೀ ಮುಟ್ಟಿಗೆ ಸಂಬಂಧಪಟ್ಟದ್ದಲ್ಲ, ಮಿದುಳಿನಲ್ಲಿ ಹಸಿವನ್ನು ನೋಡಿಕೊಳ್ಳುವ ಹೈಪೊಥಲಮಸ್ ಮೇಲೂ ಅದು ಕೆಲಸ ಮಾಡುತ್ತದೆ. ಅಂಡಾಶಯ ತೆಗೆದ ಇಲಿಗಳು ಪದೇಪದೇ ತಿನ್ನುವುದಿಲ್ಲ, ಒಂದೊಂದು ಸಲಕ್ಕೆ ಹೆಚ್ಚು ತಿನ್ನುತ್ತವೆ. ಈಸ್ಟ್ರಡಯಾಲ್, ಅಂದರೆ ಈಸ್ಟ್ರೋಜನ್‌ನ ಮುಖ್ಯ ರೂಪ, ಕೊಟ್ಟರೆ ಮತ್ತೆ ಕಡಿಮೆ ಮಾಡುತ್ತವೆ. ಕೊಬ್ಬು, ಪ್ರೊಟೀನ್ ಸಣ್ಣಕರುಳಿಗೆ ಇಳಿದಾಗ ಸಿಸಿಕೆ ಎಂಬ ಇನ್ನೊಂದು ಹಾರ್ಮೋನ್ ಹೊರಟು ‘ಸಾಕು’ ಅನ್ನಿಸುತ್ತದೆ. ಈಸ್ಟ್ರೋಜನ್ ಇದ್ದರೆ ಅದಕ್ಕೆ ಬಲ ಹೆಚ್ಚು. ಮುಟ್ಟಾಗುವ ಹೆಂಗಸರಲ್ಲೂ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಊಟ ತುಸು ಕಡಿಮೆ, ಆಮೇಲೆ ಅಂಡಾಶಯದ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರೋನ್ ಏರಿದಾಗ ತುಸು ಜಾಸ್ತಿ.

ಬೊಜ್ಜು ಎಲ್ಲಿ ಕೂರಬೇಕು ಎನ್ನುವುದರಲ್ಲೂ ಈಸ್ಟ್ರೋಜನ್ ಪಾತ್ರ ಉಂಟು. ಅದು ಇರುವವರೆಗೆ ತೊಡೆ, ಪೃಷ್ಠ. ಹೋದ ಮೇಲೆ ಹೊಟ್ಟೆಯೊಳಗೆ, ಕರುಳಿನ ಸುತ್ತ. ತಾನಾಗಿ ಮುಟ್ಟು ನಿಲ್ಲುವಾಗ ಇದು ವರ್ಷಗಟ್ಟಲೆ ನಿಧಾನವಾಗಿ ಆಗುತ್ತದೆ. ನಿಮಗೆ ಒಮ್ಮೆಲೇ ಆಯಿತು.

ಹಾಗೆಂದು ಊಟದ ಪಾಲು ಇಲ್ಲವೇ? ಉಂಟು. ಅಂಡಾಶಯ ಇಲ್ಲದ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟರೆ ತೂಕ ಇನ್ನೂ ಬೇಗ ಏರುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ ಎಂದು. ತಲೆಗೆ ದಿನಕ್ಕೆ 25 ಗ್ರಾಂ ಹಿಡಿದರೂ ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕೆ.ಜಿ. ಸಾಕು. ಐದು ಲೀಟರಿನ ಕ್ಯಾನ್ ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಕಡೆ ಅದರ ಮೇಲೆ ತೆಂಗಿನಕಾಯಿ ಬೇರೆ. ಬಂಗುಡೆ ಬಿಡಬೇಕಿಲ್ಲ, ಒಳ್ಳೆಯ ಪ್ರೊಟೀನ್ ಅದು. ಆದರೆ ರವಾ ಫ್ರೈಯ ಆ ಗರಿಗರಿ ಪದರ ಹೀರಿದ್ದೆಲ್ಲ ಎಣ್ಣೆಯೇ. ಅದೇ ಬಂಗುಡೆ ಹುಳಿ-ಖಾರದ ಪುಳಿಮುಂಚಿ ಸಾರಾದರೆ ಒಗ್ಗರಣೆಗೆ ಹಾಕಿದ ಚಮಚ ಎಣ್ಣೆಯಲ್ಲೇ ಮುಗಿಯುತ್ತದೆ.

ಸಂಜೆಯ ಹಸಿವಿಗೆ ಮಧ್ಯಾಹ್ನವೇ ಔಷಧಿ. ಕುಚ್ಚಲಕ್ಕಿ ಅನ್ನಕ್ಕೆ ಬರೀ ಸಾರು ಹಾಕಿ ಎದ್ದರೆ ಐದು ಗಂಟೆಗೆ ಗೋಳಿಬಜೆ, ಬನ್ಸ್ ಕರೆಯುವುದು ಸಹಜ. ಮೀನು, ಮೊಟ್ಟೆ, ದಪ್ಪಗಿನ ತೊವ್ವೆ, ಯಾವುದಾದರೂ ಒಂದು ತಟ್ಟೆಯಲ್ಲಿ ಇರಲಿ. ಚಾಕ್ಕೆ ಕುಳಿತುಕೊಳ್ಳುವ ಮೊದಲು ಒಂದು ಬಟ್ಟಲು ಹೆಸರುಕಾಳು ಉಸ್ಲಿ ತಿಂದು ನೋಡಿ. ನಡಿಗೆ ಒಳ್ಳೆಯದೇ, ಆದರೆ ಸ್ನಾಯು ಕರಗದಂತೆ ಭಾರ ಎತ್ತುವ ವ್ಯಾಯಾಮವೂ ಬೇಕು. ಪಟ್ಟು ಹಿಡಿದು ಉಪವಾಸ ಮಾತ್ರ ಬೇಡ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. 45ರ ಒಳಗೆ ಎರಡೂ ಅಂಡಾಶಯ ಹೋದವರಿಗೆ ಎಲುಬು, ಹೃದಯದ ದೃಷ್ಟಿಯಿಂದ ಹಾರ್ಮೋನ್ ಚಿಕಿತ್ಸೆ ಬೇಕೇ ಎಂದು ವೈದ್ಯರು ಯೋಚಿಸಲೇಬೇಕು. ಅದು ತೂಕ ಇಳಿಸುವ ಮಾತ್ರೆಯಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ತುಂಬಾ ಎಚ್ಚರಿಕೆ ಬೇಕು. ನಿಮ್ಮ ಸ್ತ್ರೀರೋಗ ತಜ್ಞರ ಹತ್ತಿರ ನೇರವಾಗಿ ಕೇಳಿ, ಹೋಗುವಾಗ ಆಪರೇಷನ್‌ನ ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಹೋಗಿ. ಥೈರಾಯ್ಡ್, ಸಕ್ಕರೆ ಪರೀಕ್ಷೆ ಜೊತೆಗೇ ಆಗಲಿ. ಮನೆಯಲ್ಲಿ ತೂಕದ ಬದಲು ಸೊಂಟಕ್ಕೆ ಟೇಪು ಹಿಡಿಯಿರಿ, ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.