ಪೆಟ್ ಶಾಪ್ ಬಾಯ್ಸ್‌ನ ‘ನಾನ್‌ದಿಲೆಸ್’ ಆಲ್ಬಂ ಹೇಗಿದೆ? ಒಂದೊಂದೇ ಹಾಡು ಹಿಡಿದು ಹೇಳುತ್ತೀರಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತಿವೆ. ಹತ್ತೂ ಹಾಡು ಹೇಗಿವೆ ಅನ್ನುವುದು ಒಂದು. “ಡ್ಯಾನ್ಸ್ ಹಾಡು ಅಂತಾರೆ, ಆದರೆ ನನಗೆ ಕೇಳ್ತಾ ಕೇಳ್ತಾ ಬೇಜಾರಾಯ್ತು, ನನಗೊಬ್ಬನಿಗೇ ಹೀಗಾ?” ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮಗೊಬ್ಬರಿಗೇ ಅಲ್ಲ.

ನಾನು ದಾವಣಗೆರೆಯವನು. ತೊಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣೇಶನ ಹಬ್ಬ, ದುಗ್ಗಮ್ಮನ ಜಾತ್ರೆ, ಮದುವೆ ಮನೆ, ಕರೆದ ಕಡೆಗೆಲ್ಲ ಹೋಗುತ್ತಿದ್ದೆವು. ರಾತ್ರಿ ಹನ್ನೆರಡು ದಾಟಿದ ಮೇಲೆ ಸ್ಟೇಜಿನ ಮುಂದೆ ನಿಂತ ಹುಡುಗರಿಂದ ಚೀಟಿ ಬರುತ್ತಿತ್ತು. ಎಷ್ಟೋ ಸಲ ಅದರಲ್ಲಿ ಇರುತ್ತಿದ್ದದ್ದು ಪ್ರೀತಿ ಮುರಿದವನ ಹಾಡು. ಕೆಳಗೆ ಇನ್ನೊಂದು ಸಾಲು: “ಸ್ಪೀಡ್ ಮಾಡ್ರಿ.” ರಿದಂ ಪ್ಯಾಡಿನವನು ಟೆಂಪೋ ಏರಿಸುತ್ತಿದ್ದ. ಹುಡುಗರು ಟವೆಲ್ ಬೀಸಿಕೊಂಡು ಕುಣಿಯುತ್ತಿದ್ದರು. ಅವರಲ್ಲೇ ಒಬ್ಬಿಬ್ಬರು ಅದೇ ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪೆಟ್ ಶಾಪ್ ಬಾಯ್ಸ್ ನಲವತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಬೀಟ್ ಕಾಲಿಗೆ, ಮಾತು ಬೇರೆ ಕಡೆಗೆ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಇದು ಇಬ್ಬರೇ ಇರುವ ಇಂಗ್ಲೆಂಡಿನ ಬ್ಯಾಂಡ್. ಹಾಡುವವರು ನೀಲ್ ಟೆನಂಟ್, ಕೀಬೋರ್ಡ್ ಕ್ರಿಸ್ ಲೋ. 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇಬ್ಬರಿಗೂ ಪರಿಚಯವಾಯಿತು. ಪೆಟ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರಿಂದ ಬಂದ ಹೆಸರು ಅದು. ಟೆನಂಟ್ ಮೊದಲು ‘ಸ್ಮ್ಯಾಶ್ ಹಿಟ್ಸ್’ ಅನ್ನುವ ಪಾಪ್ ಪತ್ರಿಕೆಯಲ್ಲಿ ಬರೆಯುತ್ತಿದ್ದವರು. ಲೋ ಹುಟ್ಟಿದ್ದು ಬ್ಲ್ಯಾಕ್‌ಪೂಲ್‌ನಲ್ಲಿ. ಮ್ಯಾಂಚೆಸ್ಟರ್ ಸುತ್ತಲಿನ ಹತ್ತಿ ಗಿರಣಿಗಳಿಗೆ ರಜೆ ಬಿಟ್ಟಾಗ ಕೆಲಸಗಾರರೆಲ್ಲ ಮೋಜು ಮಾಡಲು ಹೋಗುತ್ತಿದ್ದ ಸಮುದ್ರದ ಊರು ಅದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವನಾದ ನನಗೆ ಇದು ಗೊತ್ತಾದ ದಿನ ಸುಮ್ನೆ ಖುಷಿಯಾಯಿತು. ಇನ್ನೊಂದು ಖುಷಿ: ಲೋ ಸ್ಟೇಜಿನ ಮೇಲೆ ಕೀಬೋರ್ಡ್ ಹಿಂದೆ ಕಂಬದ ಹಾಗೆ ನಿಲ್ಲುತ್ತಾರೆ. ನಗುವುದಿಲ್ಲ, ಅಲ್ಲಾಡುವುದಿಲ್ಲ. ನಾನೂ ಹಾಗೇ ನಿಲ್ಲುತ್ತಿದ್ದೆ. ಅದಕ್ಕೆ ನಮ್ಮ ಪಾರ್ಟಿ ಯಜಮಾನರಿಂದ ಬೈಸಿಕೊಳ್ಳುತ್ತಿದ್ದೆ.

‘ನಾನ್‌ದಿಲೆಸ್’ ಬಂದದ್ದು 2024ರ ಏಪ್ರಿಲ್ 26ಕ್ಕೆ. ಅವರ ಹದಿನೈದನೆಯ ಸ್ಟುಡಿಯೋ ಆಲ್ಬಂ. ಆಗ ಟೆನಂಟ್ ಅವರಿಗೆ 69, ಲೋ ಅವರಿಗೆ 64. ಹಿಂದಿನ ಮೂರು ಆಲ್ಬಂ ಸ್ಟುವರ್ಟ್ ಪ್ರೈಸ್ ಜೊತೆ ಮಾಡಿದ್ದರು. ಅವು ಪೂರ್ತಿ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ ದನಿ, ಪೂರ್ತಿ ಕ್ಲಬ್ಬು. ಈ ಸಲ ಪ್ರೊಡ್ಯೂಸರ್ ಜೇಮ್ಸ್ ಫೋರ್ಡ್, ಜೊತೆಗೆ ನಿಜವಾದ ವಯೊಲಿನ್ ಮೇಳ. ಈ ಒಂದು ಬದಲಾವಣೆಯೇ ಆಲ್ಬಂನ ಬಣ್ಣ ಬದಲಿಸಿದೆ. ಕೀಬೋರ್ಡಿನಲ್ಲಿ ‘ಸ್ಟ್ರಿಂಗ್ಸ್’ ಟೋನ್ ಇಟ್ಟು ಒತ್ತಿದರೆ ಮೂವತ್ತು ವಯೊಲಿನ್ ಒಂದೇ ಕ್ಷಣಕ್ಕೆ ಶುರುವಾಗುತ್ತವೆ. ಮನುಷ್ಯರು ನುಡಿಸಿದರೆ ಹಾಗಾಗುವುದಿಲ್ಲ. ಒಬ್ಬರ ಕಮಾನು ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬರದು ಹಿಂದೆ. ಆ ಚೂರು ಹೊಂದಾಣಿಕೆ ತಪ್ಪಿದ್ದೇ ಕಿವಿಗೆ ಉಸಿರಿನ ಹಾಗೆ ಕೇಳುತ್ತದೆ. ವರ್ಷಗಟ್ಟಲೆ ನಕಲಿ ವಯೊಲಿನ್ ನುಡಿಸಿದವನಿಗೆ ಇದು ಬೇಗ ಗೊತ್ತಾಗುತ್ತದೆ.

ನಾನು ಇದನ್ನು ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ ಇಯರ್‌ಫೋನಿನಲ್ಲಿ ಕೇಳುತ್ತೇನೆ. ಇನ್ನು ಹಾಡುಗಳು.

ಮೊದಲನೆಯದು ‘ಲೋನ್ಲಿನೆಸ್’. ಜನವರಿ ಕೊನೆಯಲ್ಲೇ ಬಿಟ್ಟಿದ್ದರು, ಆಲ್ಬಂ ಬರುವ ಮೊದಲೇ. ಹೆಸರು ಒಂಟಿತನ, ಬೀಟ್ ಹಬ್ಬದ್ದು. ಬೀಟಲ್ಸ್‌ನ ಹಳೆಯ ಸಿನಿಮಾದಲ್ಲಿ ರಿಂಗೋ ಸ್ಟಾರ್ ನದಿ ಪಕ್ಕ ಒಬ್ಬನೇ ನಡೆಯುವ ದೃಶ್ಯ ಇದೆ, ಅದನ್ನು ಹಾಡಿನೊಳಗೆ ತಂದಿದ್ದಾರೆ. ಪ್ರಪಂಚವೇ ಹಿಂದೆ ಬಿದ್ದಿದ್ದ ನಾಲ್ವರಲ್ಲಿ ಒಬ್ಬ, ನೀರು ನೋಡಿಕೊಂಡು ಸುಮ್ಮನೆ ನಡೆಯುತ್ತಿದ್ದಾನೆ. ನೂರು ಮಾತಿನ ಕೆಲಸವನ್ನು ಒಂದು ಚಿತ್ರ ಮಾಡಿಬಿಟ್ಟಿದೆ. ಕೆರೆ ಪಕ್ಕ ಕೇಳುವವನಿಗಂತೂ ಇನ್ನೂ ಜಾಸ್ತಿ ತಟ್ಟುತ್ತದೆ.

‘ಫೀಲ್’ ಚೆನ್ನಾಗಿದೆ. ಅಷ್ಟೇ. ಮೃದುವಾದ ಪ್ರೀತಿಯ ಹಾಡು, ಬಂದು ಹೋಗುತ್ತದೆ.

‘ವೈ ಆಮ್ ಐ ಡ್ಯಾನ್ಸಿಂಗ್?’ ಲಾಕ್‌ಡೌನ್ ಕಾಲದ್ದು. ಇಷ್ಟು ಒಂಟಿಯಾಗಿದ್ದೂ ನಾನು ಯಾಕೆ ಕುಣಿಯುತ್ತಿದ್ದೇನೆ ಅಂತ ಕೇಳುತ್ತಾನೆ. ಅಡುಗೆಮನೆಯಲ್ಲಿ ಒಬ್ಬನೇ ರೇಡಿಯೋ ಹಾಕಿಕೊಂಡು ಹೆಜ್ಜೆ ಹಾಕುವ ಮನುಷ್ಯ ನನ್ನ ಕಣ್ಣ ಮುಂದೆ ಬರುತ್ತಾನೆ. ಹಿಂದಿನಿಂದ ವಾದ್ಯಗಳೆಲ್ಲ ಎದ್ದು ಬರುವ ರೀತಿ ಮೆರವಣಿಗೆಯ ಹಾಗಿದೆ, ಆದರೆ ಮೆರವಣಿಗೆಯಲ್ಲಿ ಇರುವವನು ಒಬ್ಬನೇ. 2020ರಲ್ಲಿ ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಸ್ಟೇಜೂ ಇಲ್ಲ, ಪೆಂಡಾಲೂ ಇಲ್ಲ. ಆರ್ಕೆಸ್ಟ್ರಾ ನಂಬಿದ್ದ ನನ್ನ ಹಳೆಯ ಸಂಗಾತಿಗಳು ಆ ವರ್ಷ ತರಕಾರಿ ಗಾಡಿ ತಳ್ಳಿದರು. ನಾನು ಆಗಲೇ ಬೇರೆ ಕೆಲಸಕ್ಕೆ ಸೇರಿ ಬಹಳ ವರ್ಷವಾಗಿತ್ತು, ಬಚಾವಾದೆ.

ನಾಲ್ಕನೆಯದು ‘ನ್ಯೂ ಲಂಡನ್ ಬಾಯ್’. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಪ್ಪತ್ತರ ದಶಕದ ಮೊದಲಲ್ಲಿ ಉತ್ತರ ಇಂಗ್ಲೆಂಡಿನಿಂದ ಲಂಡನ್ನಿಗೆ ಓದಲು ಬಂದ ಹುಡುಗ, ಅಂದರೆ ಟೆನಂಟ್ ತಾನೇ. ಹೊಸ ಬಟ್ಟೆ, ಹೊಸ ಹಾಡು, ಹೊಸ ಜನ. ತಾನು ಯಾರು ಅನ್ನುವುದು ಅವನಿಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಬೀದಿಯಲ್ಲಿ ತಲೆ ಬೋಳಿಸಿಕೊಂಡ ಪುಂಡರು ಆಡಿಕೊಳ್ಳುತ್ತಾರೆ. ನಡುವೆ ಹಾಡು ನಿಲ್ಲಿಸಿ ಮಾತಿನ ಧಾಟಿಗೆ ಇಳಿಯುತ್ತಾರೆ, ಅವರ ಮೊದಲ ದೊಡ್ಡ ಹಿಟ್ ಹಾಡಿನ ನೆನಪು ತರುವಂತೆ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಪ್ರೀತಿ ಅಪರಾಧವಾಗಿದ್ದ ಕಾನೂನು ಸಡಿಲವಾದದ್ದು 1967ರಲ್ಲಿ. ಆಗ ಟೆನಂಟ್ ಅವರಿಗೆ ಹದಿಮೂರು ವರ್ಷ. ತಾವು ಸಲಿಂಗಪ್ರೇಮಿ ಅಂತ ಅವರು ಬಹಿರಂಗವಾಗಿ ಹೇಳಿಕೊಂಡದ್ದು 1994ರಲ್ಲಿ. ಇಂಥ ಪ್ರೀತಿಯನ್ನು ಅಪರಾಧ ಅನ್ನುತ್ತಿದ್ದ 377ನೆಯ ಕಲಮಿನ ಬಗ್ಗೆ ನಮ್ಮ ಸುಪ್ರೀಂ ಕೋರ್ಟು ಅದು ಅಪರಾಧವಲ್ಲ ಅಂತ ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ಕ್ಕೆ, ಅಂದರೆ ಮೊನ್ನೆ ಮೊನ್ನೆ.

ನಮ್ಮ ಪಾರ್ಟಿಯಲ್ಲಿ ಹೆಣ್ಣು ದನಿಯಲ್ಲಿ ಹಾಡುವ ಗೆಳೆಯನೊಬ್ಬನಿದ್ದ. ಡ್ಯುಯೆಟ್ಟಿನಲ್ಲಿ ಎರಡೂ ದನಿ ಅವನದೇ. ಸ್ಟೇಜಿನ ಮೇಲೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಬೆಳಗ್ಗೆ ಅದೇ ಜನ ಬಸ್ ಸ್ಟ್ಯಾಂಡಿನಲ್ಲಿ ಅವನ ನಡಿಗೆ ನೋಡಿ ಸೀಟಿ ಹೊಡೆಯುತ್ತಿದ್ದರು. ಒಂದು ದಿನ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದ. ಆಮೇಲೆ ಒಂದೆರಡು ಕಾಗದ ಬಂದವು, ಅಷ್ಟೇ. ಈ ಹಾಡಿಗೆ ನಾನು ಹತ್ತಕ್ಕೆ ಹತ್ತು ಕೊಡುವುದು ಸಂಗೀತಕ್ಕೋ ಅವನಿಗೋ ನನಗೇ ತಿಳಿಯದು.

‘ಡ್ಯಾನ್ಸಿಂಗ್ ಸ್ಟಾರ್’ ಬ್ಯಾಲೆ ಕುಣಿಯುತ್ತಿದ್ದ ರುಡಾಲ್ಫ್ ನುರೆಯೆವ್ ಬಗ್ಗೆ. 1938ರಲ್ಲಿ ಸೈಬೀರಿಯಾ ದಾಟುತ್ತಿದ್ದ ರೈಲಿನಲ್ಲೇ ಹುಟ್ಟಿದವರು. 1961ರಲ್ಲಿ ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ಸೋವಿಯತ್ ಕಾವಲಿನಿಂದ ತಪ್ಪಿಸಿಕೊಂಡು ಪಶ್ಚಿಮದಲ್ಲೇ ಉಳಿದರು. 1993ರಲ್ಲಿ ತೀರಿಕೊಂಡರು. ಇಂಥ ಕಥೆ ಸಿಕ್ಕರೆ ಬೇರೆಯವರು ಭಾರವಾದ ಹಾಡು ಕಟ್ಟುತ್ತಿದ್ದರು. ಇವರು ಎಂಬತ್ತರ ದಶಕದ ರಜೆಯ ದಿನದಂಥ ಹಗುರ ಟ್ಯೂನ್ ಹಾಕಿದ್ದಾರೆ. ಓಡಿಹೋದವನ ಭಯ ಬಿಟ್ಟು, ಓಡಿ ಬಂದವನ ಸಂತೋಷ ಹಿಡಿದಿದ್ದಾರೆ. ಕುಣಿಯಲೇಬೇಕು ಅಂತಿದ್ದರೆ ಆಲ್ಬಂನಲ್ಲಿ ಇದೇ ನಿಮ್ಮ ಹಾಡು.

ಆರನೆಯದು ‘ಎ ನ್ಯೂ ಬೊಹೀಮಿಯಾ’. ಬೊಹೀಮಿಯಾ ಅಂದರೆ ಇಲ್ಲಿ ಕಲಾವಿದರು ತಮ್ಮಿಷ್ಟದಂತೆ ಕೂಡಿ ಬದುಕುವ ಲೋಕ. ನಿಮಗೆ ಬೇಜಾರು ಮಾಡಿದ್ದು ಇದೇ ಇರಬೇಕು. ಬೀಟ್ ಹಿಂದೆ ಸರಿದು ವಯೊಲಿನ್ನುಗಳು ಮುಂದೆ ಬರುತ್ತವೆ. ವಯಸ್ಸಾದ ಕಲಾವಿದ ಕೇಳುತ್ತಾನೆ: ನಮ್ಮ ಗುಂಪು ಎಲ್ಲಿ ಹೋಯಿತು? ನಮ್ಮ ಬೀದಿ ಯಾವುದು? ಯಾರ ಕಣ್ಣಿಗೂ ಬೀಳದವನಾಗಿ ತಿರುಗುತ್ತಾನೆ, ಆದರೂ ಹೊಸ ಗೆಳೆಯರ ಹೊಸ ಊರು ಎಲ್ಲಾದರೂ ಇರಬಹುದು ಅಂತ ಹುಡುಕುತ್ತಾನೆ. ಇದರ ವಿಡಿಯೋ ಮಾರ್ಗೇಟ್ ಅನ್ನುವ ಸಮುದ್ರದ ಊರಿನಲ್ಲಿ ತೆಗೆದಿದ್ದಾರೆ. ಟೆನಂಟ್ ಅವರ ದನಿ ಎಂದೂ ದೊಡ್ಡದಲ್ಲ. ತೆಳು, ಮೂಗಿನದು, ಒತ್ತಿ ಹಾಡುವುದೇ ಇಲ್ಲ. ಇಲ್ಲಿ ಅದು ಕೆಲಸಕ್ಕೆ ಬಂದಿದೆ. ಬೇರೆ ಯಾರಾದರೂ ಗಂಟಲು ಬಿಟ್ಟು ಹಾಡಿದ್ದರೆ ಗೋಳಾಟವಾಗುತ್ತಿತ್ತು.

ಕಳೆದ ವರ್ಷ ನೆಂಟರ ಮದುವೆಯಲ್ಲಿ ಡಿಜೆ ಇಟ್ಟಿದ್ದರು. ಹುಡುಗ ಲ್ಯಾಪ್‌ಟಾಪ್ ಜೋಡಿಸುತ್ತಿದ್ದ. ನೋಡೋಣ ಅಂತ ಹತ್ತಿರ ಹೋದೆ. “ಅಂಕಲ್, ವೈರ್ ತುಳಿಬೇಡ್ರಿ” ಅಂದ. ತಪ್ಪೇನಿಲ್ಲ, ನಾನು ನಿಜಕ್ಕೂ ವೈರಿನ ಮೇಲೆ ಕಾಲಿಟ್ಟಿದ್ದೆ. ಆದರೆ ಒಂದು ಕಾಲದಲ್ಲಿ ಅದೇ ಕಲ್ಯಾಣ ಮಂಟಪದಲ್ಲಿ ನನ್ನ ವೈರು ತುಳಿಯಬೇಡಿ ಅಂತ ನಾನು ಬೇರೆಯವರಿಗೆ ಹೇಳುತ್ತಿದ್ದೆ ಅಲ್ವಾ? ಮಾರನೆಯ ದಿನ ಏರಿ ಮೇಲೆ ಈ ಹಾಡನ್ನು ನಾಲ್ಕು ಸಲ ಹಾಕಿದೆ.

ಏಳು, ‘ದ ಶ್ಲಾಗರ್ ಹಿಟ್ ಪೆರೇಡ್’. ಬಹಳ ಜನ ಇದನ್ನು ತಮಾಷೆಯ ಹಾಡು ಅಂತ ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಶ್ಲಾಗರ್ ಅಂದರೆ ಜರ್ಮನಿಯ ಜನಪ್ರಿಯ ಹಾಡು. ಸುಲಭ ಟ್ಯೂನ್, ಚಪ್ಪಾಳೆ ತಟ್ಟುವ ತಾಳ, ನಗುಮುಖ, ರಜೆ, ಪ್ರೀತಿ, ಊಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ದೇಶ ಇಂಥ ಹಾಡುಗಳನ್ನು ಮನಸಾರೆ ಕೇಳಿತು. ಹಿಂದೆ ಏನಾಯಿತು ಅನ್ನುವುದನ್ನು ಮಾತಾಡದೇ ಇರಲು ಅದೊಂದು ದಾರಿ. ಟೆನಂಟ್ ಅಲ್ಲಿಗೇ ಬೆರಳಿಟ್ಟಿದ್ದಾರೆ, ಅದೂ ಅದೇ ಧಾಟಿಯ ಟ್ಯೂನ್ ಹಾಕಿಕೊಂಡು. ಗೇಲಿಯೂ ಇದೆ, ಪ್ರೀತಿಯೂ ಇದೆ.

ನಮ್ಮ ಚಿಕ್ಕಪ್ಪ ಇಲ್ಲಿನ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ಅದು ಬಾಗಿಲು ಹಾಕಿದ ವರ್ಷದ ಗಣೇಶನ ಹಬ್ಬ ನನಗೆ ಚೆನ್ನಾಗಿ ನೆನಪಿದೆ. ಸಂಬಳ ಬಾಕಿ ಉಳಿದವರೇ ಮುಂದಿನ ಸಾಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಹಿಡಿದು ಕೂತಿದ್ದರು. ಆ ರಾತ್ರಿ ಮಾತ್ರ ಒಂದೂ ಅಳುವ ಹಾಡಿಗೆ ಚೀಟಿ ಬರಲಿಲ್ಲ. ಬರೀ ಕುಣಿತದ ಹಾಡು, ಕಾಮಿಡಿ ಹಾಡು. ಬೆಳಗಿನ ಜಾವದವರೆಗೆ ಬಿಡಲಿಲ್ಲ. ಮೇಲೆ ಹೇಳಿದೆನಲ್ಲ, ದುಃಖದ ಹಾಡನ್ನು ಸ್ಪೀಡ್ ಮಾಡಿಸುವವರು. ದುಃಖ ಇನ್ನೂ ಜಾಸ್ತಿಯಾದರೆ ಜನ ಅದನ್ನೂ ಕೇಳುವುದಿಲ್ಲ. ಶ್ಲಾಗರ್ ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ದ ಸೀಕ್ರೆಟ್ ಆಫ್ ಹ್ಯಾಪಿನೆಸ್’ ಅರವತ್ತರ ದಶಕದ ಹೋಟೆಲ್ ಲಾಬಿಯ ಸಂಗೀತದ ಹಾಗೆ ನುಣ್ಣಗಿದೆ. ಜಾರಿ ಹೋಗುತ್ತದೆ. ಈ ಹೊತ್ತಿಗೆ ನಾನು ಏರಿಯಿಂದ ಇಳಿದು ಬೆಣ್ಣೆ ದೋಸೆ ಎಲ್ಲಿ ತಿನ್ನಲಿ ಅಂತ ಯೋಚಿಸುತ್ತಿರುತ್ತೇನೆ.

‘ಬುಲೆಟ್ ಫಾರ್ ನಾರ್ಸಿಸಸ್’ ಮತ್ತೆ ಎಬ್ಬಿಸುತ್ತದೆ. ತಾನು ಸ್ವಲ್ಪವೂ ಮೆಚ್ಚದ ನಾಯಕನನ್ನು ಕಾಯುವ ಅಂಗರಕ್ಷಕ ಹಾಡುತ್ತಾನೆ. ಗುಂಡು ಬಂದರೆ ಅಡ್ಡ ನಿಲ್ಲುವುದು ನನ್ನ ಕೆಲಸ, ಆದರೆ ಯಾರಿಗಾಗಿ? ಟ್ರಂಪ್ ಕಾವಲಿನವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆಲ್ಬಂ ಬಂದು ಮೂರು ತಿಂಗಳೂ ಆಗಿರಲಿಲ್ಲ, 2024ರ ಜುಲೈ 13ಕ್ಕೆ ಪೆನ್ಸಿಲ್ವೇನಿಯಾದಲ್ಲಿ ನಿಜವಾಗಿಯೂ ಟ್ರಂಪ್ ಮೇಲೆ ಗುಂಡು ಹಾರಿತು, ಕಾವಲಿನವರು ಮೈಮೇಲೆ ಬಿದ್ದು ಮುಚ್ಚಿದರು. ಅದಾದ ಮೇಲೆ ಈ ಹಾಡನ್ನು ನಗುತ್ತಾ ಕೇಳುವುದು ಕಷ್ಟ. ಐಡಿಯಾ ಬಹಳ ಚೆನ್ನಾಗಿದೆ, ಟ್ಯೂನ್ ಅಷ್ಟು ಎತ್ತರಕ್ಕೆ ಹೋಗಿಲ್ಲ. ಪಲ್ಲವಿ ಎರಡನೇ ಸಲ ಬಂದಾಗಲೇ ಸಾಕು ಅನಿಸಿತು.

ಕೊನೆಯದು ‘ಲವ್ ಈಸ್ ದ ಲಾ’. ನಿಧಾನ, ಕತ್ತಲು, ಹಳೆಯ ಪತ್ತೇದಾರಿ ಸಿನಿಮಾದ ಬಿಜಿಎಂ ಥರದ ವಯೊಲಿನ್ನು. ಗಂಡಸರ ಜೊತೆಗಿನ ಸಂಬಂಧಕ್ಕಾಗಿ ಇಂಗ್ಲೆಂಡಿನಲ್ಲಿ ಜೈಲಿಗೆ ಹೋಗಿ, ಬಿಡುಗಡೆಯಾದ ಮೇಲೆ ಫ್ರಾನ್ಸಿನಲ್ಲಿ ದಿನ ತಳ್ಳುತ್ತಿದ್ದ ಬರಹಗಾರ ಆಸ್ಕರ್ ವೈಲ್ಡ್ ಇದರ ಹಿಂದೆ ಇದ್ದಾರೆ. ವೈಲ್ಡ್ 1897ರಲ್ಲಿ ಹೊರಬಂದು 1900ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ‘ನ್ಯೂ ಲಂಡನ್ ಬಾಯ್’ ಕೇಳಿದ ತಕ್ಷಣ ಇದನ್ನು ಹಾಕಿ ನೋಡಿ. ಅಲ್ಲಿ ಊರಿಗೆ ಬಂದ ಹುಡುಗ, ಇಲ್ಲಿ ಊರು ಬಿಡಬೇಕಾಗಿ ಬಂದ ಗಂಡಸು. ಈ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ಇನ್ನೂ ಚೆನ್ನಾಗಿತ್ತು ಅಂತ ನನ್ನ ತಕರಾರು.

ಒಟ್ಟು ಲೆಕ್ಕ ಬೇಕೆಂದರೆ, ಮೊದಲ ಆರರಲ್ಲಿ ಐದು ಗಟ್ಟಿ, ಆಮೇಲೆ ಏರುಪೇರು. ಬ್ರಿಟನ್ನಿನ ಪಟ್ಟಿಯಲ್ಲಿ ಆ ವಾರ ಎರಡನೆಯ ಸ್ಥಾನಕ್ಕೆ ಬಂತು, ಮೇಲೆ ಟೇಲರ್ ಸ್ವಿಫ್ಟ್ ಕೂತಿದ್ದರು. ಇನ್ನೊಂದು ವಿಷಯ: ಡಿಲಕ್ಸ್ ಆವೃತ್ತಿಯಲ್ಲಿ ತಮ್ಮದೇ ನಾಲ್ಕು ಹಳೆಯ ಹಿಟ್ ಹಾಡುಗಳನ್ನು ಹೊಸದಾಗಿ ಮಾಡಿ ಸೇರಿಸಿದ್ದಾರೆ. ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಹಳೆಯವೇ ಸಾಕು. ಫೋನಿನ ಸ್ಪೀಕರಿನಲ್ಲಂತೂ ಕೇಳಲೇಬೇಡಿ, ವಯೊಲಿನ್ನೆಲ್ಲ ಸೊಳ್ಳೆ ಹಾರಿದ ಹಾಗಾಗುತ್ತದೆ.

ಏಳನೆಯ ಹಾಡು ಇನ್ನೊಂದು ಸಲ ಕೇಳಿ ನಿಮಗೇನನಿಸಿತು ಅಂತ ಬರೆಯಿರಿ. ಅದರ ವಿಷಯದಲ್ಲಿ ನನ್ನ ಕಡೆ ನಿಲ್ಲುವವರು ಇನ್ನೂ ಒಬ್ಬರೂ ಸಿಕ್ಕಿಲ್ಲ.